‘ಚೆನ್ನಾಗಿದೆ’ ಎಂದರೆ ಏನು ಚೆನ್ನಾಗಿದೆ? ಹೊಸ ಆಲ್ಬಮ್ ಕೇಳಿ ಅಭಿಪ್ರಾಯ ಹೇಳುವ ಬಗೆ

ಕೊಡಗಿನಲ್ಲಿ ಸಂಗೀತದ ಆಲ್ಬಮ್ ಕೊಳ್ಳುವವರು ಕೆಲವರೇ; ಕೊಂಡದ್ದನ್ನು ಕೇಳಲು ಕಾದಿರುವವರು ಹಲವರು. ಮೈಸೂರಿಗೋ ಬೆಂಗಳೂರಿಗೋ ಹೋದ ಒಬ್ಬರು ಎಲ್‌ಪಿಯನ್ನೋ (ಗೆರೆಗಳ ಮೇಲೆ ಮುಳ್ಳು ಓಡಿಸಿ ಕೇಳುವ ಗ್ರಾಮಫೋನ್ ತಟ್ಟೆ) ಸಿ.ಡಿ.ಯನ್ನೋ ತಂದರೆ, ಅಥವಾ ಕೊರಿಯರ್‌ನಲ್ಲಿ ತರಿಸಿಕೊಂಡರೆ, ಅದು ಮಡಿಕೇರಿಯಿಂದ ವಿರಾಜಪೇಟೆಗೆ, ಅಲ್ಲಿಂದ ಗೋಣಿಕೊಪ್ಪಲಿಗೆ ಕೈಯಿಂದ ಕೈಗೆ ದಾಟುತ್ತದೆ. ಆಲ್ಬಮ್‌ಗಿಂತ ಮೊದಲು ಊರು ದಾಟುವುದು ಅದನ್ನು ಕೊಂಡವರ ಮಾತು. ‘ತುಂಬಾ ಚೆನ್ನಾಗಿದೆ, ನೀವೂ ತರಿಸಿ’ ಎಂದರೆ ಇನ್ನೊಬ್ಬರು ಹಣ ಕಳಿಸುತ್ತಾರೆ. ‘ಹಳೆಯದರಷ್ಟು ಇಲ್ಲ’ ಎಂದರೆ ನಾಲ್ಕು ಮಂದಿ ಕೈಬಿಡುತ್ತಾರೆ. ಹೊಸ ಎಲ್‌ಪಿಗೆ ಸಾವಿರಗಳ ಲೆಕ್ಕದಲ್ಲಿ ಹಣ ತೆರಬೇಕಾದ ಈ ಕಾಲದಲ್ಲಿ ಆ ಒಂದು ಮಾತಿಗೆ ತೂಕವಿದೆ. ಅದು ಹೇಗೆ ಹುಟ್ಟುತ್ತದೆ, ಅದರಲ್ಲಿ ಏನೇನು ಬೆರೆತಿರುತ್ತದೆ ಎಂಬುದನ್ನು ಬಿಡಿಸಿ ನೋಡಬೇಕು ಎಂದು ನನಗೆ ಬಹುಕಾಲದಿಂದ ಅನ್ನಿಸುತ್ತಿದೆ.

ಒಂದೇ ಆಲ್ಬಮ್ ಕೇಳಿದ ಇಬ್ಬರು ಎರಡು ಬಗೆಯಾಗಿ ಹೇಳಿದಾಗ ಯಾರಾದರೊಬ್ಬರು ‘ಭಿನ್ನರುಚಿರ್ಹಿ ಲೋಕಃ’ (ಜನರ ರುಚಿ ಬೇರೆಬೇರೆ) ಎಂಬ ಕಾಳಿದಾಸನ ಮಾತನ್ನು ಮುಂದಿಟ್ಟು ಚರ್ಚೆ ಮುಗಿಸುತ್ತಾರೆ. ಮಾತು ಸತ್ಯವೇ. ತೀರಾ ಬೇಗ ಹೇಳಿದರೆ ಅದರಿಂದ ನಷ್ಟವಾಗುತ್ತದೆ. ಸಂಗೀತಪ್ರಿಯರ ಭಿನ್ನಾಭಿಪ್ರಾಯಗಳಲ್ಲಿ ರುಚಿಯ ಪಾಲು ನಾವು ತಿಳಿದುಕೊಂಡಷ್ಟು ದೊಡ್ಡದಲ್ಲ ಎಂಬುದು ನನ್ನ ದೃಢ ನಂಬಿಕೆ. ಇಬ್ಬರೂ ಕೇಳಿದ್ದು ಒಂದೇ ಪ್ರತಿಯೇ, ಎಂತಹ ಕೋಣೆಯಲ್ಲಿ, ಎಷ್ಟು ಸಲ ಕೇಳಿದ ಮೇಲೆ, ಯಾರ ಮಾತು ಕಿವಿಗೆ ಬಿದ್ದ ಮೇಲೆ ಎಂದು ವಿಚಾರಿಸುತ್ತಾ ಹೋದರೆ ವಾದದ ಬಹುಪಾಲು ಅಲ್ಲೇ ಕರಗುತ್ತದೆ. ಉಳಿದದ್ದು ರುಚಿ. ಅದರ ಬಗ್ಗೆ ಆಮೇಲೆ ಮಾತನಾಡುವುದರಲ್ಲಿ ಸುಖವಿದೆ.

ದೋಷ ಹಾಡಿನದೋ, ತಟ್ಟೆಯದೋ

‘ಮೊದಲ ಮಗ್ಗುಲಿನ ಕೊನೆಯ ಹಾಡಿನಲ್ಲಿ ಗಾಯಕಿಯ ಕಂಠ ಒರಟಾಗಿದೆ’ ಎಂದು ಎಲ್‌ಪಿ ಕೇಳಿದವರೊಬ್ಬರು ಹೇಳುತ್ತಾರೆ ಎಂದಿಟ್ಟುಕೊಳ್ಳಿ. ಅದೇ ಆಲ್ಬಮ್ ಅನ್ನು ಸಿ.ಡಿ.ಯಲ್ಲಿ ಕೇಳಿದವರಿಗೆ ಹಾಗೆ ಅನ್ನಿಸುವುದೇ ಇಲ್ಲ. ಇಬ್ಬರ ಕಿವಿಯೂ ಸರಿಯಾಗಿದೆ. ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಮುಳ್ಳು ಅಂಚಿನಲ್ಲಿರಲಿ, ನಡುವಿಗೆ ಬಂದಿರಲಿ, ಸುತ್ತಿನ ಲೆಕ್ಕ ಒಂದೇ. ಆದರೆ ಅಂಚಿನ ಸುತ್ತು ದೊಡ್ಡದು, ಒಳಗಿನದು ಚಿಕ್ಕದು. ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಹಾದುಹೋಗುತ್ತದೆ. ಒಳತುದಿಗೆ ಬರುವ ಹೊತ್ತಿಗೆ ಅದು ಸುಮಾರು 20 ಸೆಂಟಿಮೀಟರಿಗೆ ಇಳಿದಿರುತ್ತದೆ. ಅಷ್ಟೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಕೆತ್ತಿದಾಗ ಸಕಾರ ಶಕಾರಗಳಂತಹ ಚೂಪು ಸದ್ದುಗಳ ಅಲೆಗಳು ಒತ್ತೊತ್ತಾಗಿ ಬೀಳುತ್ತವೆ, ಮುಳ್ಳು ಅವುಗಳ ಅಂಕುಡೊಂಕನ್ನು ಪೂರ್ತಿ ಹಿಂಬಾಲಿಸಲಾರದು. ಗಾಯಕಿಯ ಕಂಠದಲ್ಲಿ ಇಲ್ಲದ ಒರಟುತನ ಹುಟ್ಟುವುದು ಅಲ್ಲಿ. ಈ ಗುಟ್ಟು ಬಲ್ಲ ನಿರ್ಮಾಪಕರು ಮಗ್ಗುಲಿನ ಕೊನೆಗೆ ಮೆಲುದನಿಯ ಹಾಡನ್ನು ಇಡಲು ನೋಡುತ್ತಿದ್ದರು.

ಮಗ್ಗುಲಿನ ಉದ್ದಕ್ಕೂ ಇಂತಹದೇ ಲೆಕ್ಕವಿದೆ. ಒಂದು ಮಗ್ಗುಲಿಗೆ ಇಪ್ಪತ್ತು, ಇಪ್ಪತ್ತೆರಡು ನಿಮಿಷ ಹಿತವಾದ ಅಳತೆ. ಮೂವತ್ತು ನಿಮಿಷ ತುರುಕಿದರೆ ಗೆರೆಗಳನ್ನು ಒತ್ತಾಗಿ ಕೆತ್ತಬೇಕು. ಅಗಲ ಜಾಗ ಕೇಳುವುದು ಕೆಳಸ್ಥಾಯಿಯ ಗಟ್ಟಿ ಸದ್ದು. ಆದ್ದರಿಂದ ಮೊದಲು ಕತ್ತರಿ ಬೀಳುವುದೂ ಅದಕ್ಕೇ. ‘ಮೃದಂಗದ ಎಡಗೈ ಕೇಳಿಸುತ್ತಿಲ್ಲ, ವಾದಕರು ಸಪ್ಪೆ’ ಎನ್ನುವ ಮೊದಲು ಹೊದಿಕೆಯ ಹಿಂಬದಿಯಲ್ಲಿ ಅಚ್ಚಾಗಿರುವ ಹಾಡುಗಳ ಅವಧಿಯನ್ನು ಕೂಡಿಸಿ ನೋಡುವುದು ಒಳ್ಳೆಯದು.

ಸಂಗೀತದ ರೂಪವನ್ನೇ ತಟ್ಟೆಯ ಅಳತೆ ನಿರ್ಧರಿಸಿದ ಕಾಲವೂ ಇತ್ತು. 1902ರಲ್ಲಿ ಕೋಲ್ಕತ್ತದಲ್ಲಿ ಧ್ವನಿಮುದ್ರಣಕಾರ ಫ್ರೆಡ್ ಗೈಸ್‌ಬರ್ಗ್ ಮುಂದೆ ಗಾಯಕಿ ಗೌಹರ್ ಜಾನ್ ಹಾಡಿದಾಗ ತಟ್ಟೆಗೆ ಹಿಡಿಯುತ್ತಿದ್ದುದು ಮೂರು ನಿಮಿಷದಷ್ಟು. ಗಂಟೆಗಟ್ಟಲೆ ರಾಗವನ್ನು ಬೆಳೆಸಬಲ್ಲ ಗಾಯಕಿ ಅದರ ಮುಖ, ಮೈ, ಮುಕ್ತಾಯ ಮೂರನ್ನೂ ಆ ಅವಧಿಯಲ್ಲಿ ತೋರಿಸಿ, ಕೊನೆಗೆ ತನ್ನ ಹೆಸರನ್ನೂ ಹೇಳಬೇಕಿತ್ತು. ಅಂತಹ ಹಳೆಯ ತಟ್ಟೆಗಳನ್ನು ಒಟ್ಟುಗೂಡಿಸಿದ ಸಿ.ಡಿ. ಕೊಂಡು ‘ಆಲಾಪನೆ ಸಾಲದು’ ಎಂದರೆ ಆ ದೂರು ಗಾಯಕಿಗೆ ಸಲ್ಲುವುದಿಲ್ಲ. 1948ರಲ್ಲಿ ಎಲ್‌ಪಿ ಬಂದ ಮೇಲೆ ಮಗ್ಗುಲಿಗೆ ಇಪ್ಪತ್ತು ನಿಮಿಷ ಸಿಕ್ಕಿತು. 1963ರಲ್ಲಿ ಬಂದ ಕ್ಯಾಸೆಟ್ಟು ಮಗ್ಗುಲಿಗೆ ಅರ್ಧ ಗಂಟೆ ಕೊಟ್ಟಿತು. 1982ರಲ್ಲಿ ಮಾರುಕಟ್ಟೆಗೆ ಇಳಿದ ಸಿ.ಡಿ.ಯಲ್ಲಿ 74 ನಿಮಿಷ ಒಂದೇ ಹರಿವು. ನಲವತ್ತು ನಿಮಿಷಕ್ಕೆಂದು ಕಟ್ಟಿದ ಎಲ್‌ಪಿಯನ್ನು ಸಿ.ಡಿ.ಯಾಗಿ ಮರುಬಿಡುಗಡೆ ಮಾಡುವಾಗ ಉಳಿದ ಜಾಗಕ್ಕೆ ಅಂದು ಬಿಟ್ಟಿದ್ದ ಹಾಡುಗಳನ್ನು ಸೇರಿಸುತ್ತಾರೆ. ‘ಕೊನೆಯಲ್ಲಿ ಎಳೆದಾಡಿದೆ’ ಎಂಬ ದೂರು ಬಂದರೆ, ಮೂಲ ಆಲ್ಬಮ್ ಎಲ್ಲಿಗೆ ಮುಗಿದಿತ್ತು ಎಂದು ಕೇಳಿ.

ಇವೆಲ್ಲಕ್ಕಿಂತ ಹೆಚ್ಚು ಗೊಂದಲ ಹುಟ್ಟಿಸುವುದು ಮಾಸ್ಟರಿಂಗ್. ಧ್ವನಿಮುದ್ರಣ ಮತ್ತು ಮಿಶ್ರಣ ಮುಗಿದ ಮೇಲೆ ಇಡೀ ಆಲ್ಬಮ್‌ನ ಸದ್ದಿನ ಮಟ್ಟವನ್ನೂ ಸ್ಥಾಯಿಗಳ ಸಮತೋಲವನ್ನೂ ಹದಗೊಳಿಸಿ ಅಚ್ಚಿಗೆ ಒಪ್ಪಿಸುವ ಕೊನೆಯ ಹಂತ ಅದು. 1990ರ ದಶಕದಿಂದ ಈಚೆಗೆ ಸಿ.ಡಿ.ಗಳನ್ನು ಒಂದಕ್ಕಿಂತ ಒಂದು ಗಟ್ಟಿಯಾಗಿ ಕೇಳಿಸುವ ಪೈಪೋಟಿ ನಡೆಯಿತು. ಸಿ.ಡಿ.ಯಲ್ಲಿ ಸದ್ದಿಗೆ ಮೇಲ್ಮಿತಿಯೊಂದಿದೆ, ಅದನ್ನು ದಾಟಲಾಗದು. ಆದ್ದರಿಂದ ಏರುದನಿಯ ತುದಿಗಳನ್ನು ಅದುಮಿ, ಮೆಲುದನಿಯನ್ನು ಮೇಲೆತ್ತಿ, ಎರಡರ ನಡುವಿನ ಅಂತರವನ್ನೇ ಕುಗ್ಗಿಸಿದರು. ಮೊದಲ ಕ್ಷಣಕ್ಕೆ ಅದು ಚುರುಕಾಗಿ ಕೇಳಿಸುತ್ತದೆ. ಅರ್ಧ ಗಂಟೆ ಕೇಳಿದ ಮೇಲೆ ಕಿವಿ ದಣಿಯುತ್ತದೆ, ಏಕೆ ದಣಿಯಿತು ಎಂದು ತಿಳಿಯುವುದಿಲ್ಲ. 2008ರಲ್ಲಿ ಅಮೆರಿಕದ ಮೆಟಾಲಿಕಾ ಎಂಬ ರಾಕ್ ತಂಡದ ‘ಡೆತ್ ಮ್ಯಾಗ್ನೆಟಿಕ್’ ಆಲ್ಬಮ್ ಬಂದಾಗ, ‘ಗಿಟಾರ್ ಹೀರೋ’ ಎಂಬ ವಿಡಿಯೊ ಗೇಮ್‌ಗೆ ಕೊಟ್ಟಿದ್ದ ಅದೇ ಹಾಡುಗಳ ಪ್ರತಿ ಸಿ.ಡಿ.ಗಿಂತ ಕಡಿಮೆ ಅದುಮಿದ್ದು ಎಂದು ಅಭಿಮಾನಿಗಳೇ ಗುರುತಿಸಿದರು. ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿದರು, ಅಲೆಗಳ ಚಿತ್ರ ತೆಗೆದು ತೋರಿಸಿದರು. ‘ನನಗೆ ಹಿಡಿಸಲಿಲ್ಲ’ ಎಂದಷ್ಟೇ ಹೇಳಿ ಎಲ್ಲರೂ ಸುಮ್ಮನಾಗಿದ್ದರೆ ಆ ಸತ್ಯ ಹೊರಬರುತ್ತಿರಲಿಲ್ಲ. ಅಭಿಮಾನಿಗಳ ಹರಟೆಯನ್ನು ಹಗುರವಾಗಿ ಕಾಣುವವರಿಗೆ ನಾನು ಈ ಪ್ರಸಂಗವನ್ನು ನೆನಪಿಸುತ್ತೇನೆ.

ಹಾಗಾಗಿ ಅಭಿಪ್ರಾಯ ಹೇಳುವಾಗ ಯಾವ ವರ್ಷದ ಮುದ್ರಣ, ಮರು ಮಾಸ್ಟರಿಂಗ್ ಆದದ್ದೋ ಅಲ್ಲವೋ ಎಂದು ಒಂದು ಸಾಲು ಸೇರಿಸಿದರೆ ಕೇಳುವವರಿಗೆ ದೊಡ್ಡ ಉಪಕಾರ. ಎರಡು ಪ್ರತಿಗಳನ್ನು ಹೋಲಿಸುವಾಗ ಸದ್ದನ್ನು ಸಮ ಮಾಡಿಕೊಳ್ಳುವುದಂತೂ ಕಡ್ಡಾಯ. ಒಂದು ಡೆಸಿಬಲ್‌ನಷ್ಟು ಸಣ್ಣ ವ್ಯತ್ಯಾಸವಿದ್ದರೂ ಹೆಚ್ಚು ಸದ್ದಿನ ಪ್ರತಿಯೇ ‘ಸ್ಪಷ್ಟ’, ‘ಜೀವಂತ’ ಎಂದು ಅನ್ನಿಸುತ್ತದೆ. ಸ್ಪಾಟಿಫೈನಂತಹ ಸೇವೆಗಳು ಹಾಡುಗಳ ಸದ್ದನ್ನು ಸರಿಸುಮಾರು ಒಂದೇ ಮಟ್ಟಕ್ಕೆ ತರುತ್ತವೆ, ಸಿ.ಡಿ. ಪ್ಲೇಯರ್ ಹಾಗೆ ಮಾಡುವುದಿಲ್ಲ. ಒಬ್ಬರು ಮೊಬೈಲಿನಲ್ಲೂ ಇನ್ನೊಬ್ಬರು ಸಿ.ಡಿ.ಯಲ್ಲೂ ಕೇಳಿ ವಾದಕ್ಕೆ ಕೂತರೆ ತೀರ್ಮಾನ ಸಿಗುವುದು ಕಷ್ಟ.

ಮಳೆಗಾಲದಲ್ಲಿ ಕೇಳಿದ್ದು

ಮಡಿಕೇರಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯೊಳಗೆ ಕೂತು ಸಂಗೀತ ಕೇಳಲು ಬೇಕಾದಷ್ಟು ಹೊತ್ತು ಸಿಗುತ್ತದೆ. ಆದರೆ ಆ ನಾಲ್ಕು ತಿಂಗಳು ನಮ್ಮ ಕಿವಿಗೆ ಬೀಳುವ ಆಲ್ಬಮ್ಮೇ ಬೇರೆ ಎನ್ನಬೇಕು. ಶೀಟಿನ ಮಾಡಿನ ಮೇಲೆ ಸುರಿಯುವ ಮಳೆಯ ಸದ್ದಿನಲ್ಲಿ ಎಲ್ಲ ಸ್ಥಾಯಿಗಳೂ ಕಲೆತಿರುತ್ತವೆ. ಅಷ್ಟು ವಿಸ್ತಾರವಾದ ಸದ್ದು ತನಗಿಂತ ಮೆಲ್ಲಗಿರುವುದನ್ನೆಲ್ಲ ಮುಚ್ಚಿಹಾಕುತ್ತದೆ. ಮೊದಲು ಕಾಣೆಯಾಗುವುದು ತಂಬೂರಿಯ ಗುಂಗು. ಆಮೇಲೆ ಸಿತಾರಿನಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್‌ನ ಬಾಲ, ಬೆರಳು ತಂತಿಯ ಮೇಲೆ ಜಾರುವ ಸದ್ದು, ಗಾಯಕರು ಉಸಿರು ಎಳೆದುಕೊಳ್ಳುವ ಸಣ್ಣ ಬಿಡುವು. ಸದ್ದು ಏರಿಸಿದರೆ ಇವು ಮರಳುತ್ತವೆ, ಆದರೆ ಏರುದನಿಯ ಭಾಗ ಬಂದಾಗ ಕಿವಿಗೆ ಅಪ್ಪಳಿಸುತ್ತದೆ. ಮತ್ತೆ ಎದ್ದು ಇಳಿಸಬೇಕು. ಹೀಗಾಗಿ ಏರಿಳಿತವನ್ನು ಉಳಿಸಿಕೊಂಡ ಒಳ್ಳೆಯ ಧ್ವನಿಮುದ್ರಣ ಜುಲೈನಲ್ಲಿ ಸೋಲುತ್ತದೆ, ಅದುಮಿ ಸಮತಟ್ಟು ಮಾಡಿದ್ದು ಗೆಲ್ಲುತ್ತದೆ. ಅದೇ ಆಲ್ಬಮ್ಮುಗಳನ್ನು ಜನವರಿಯ ರಾತ್ರಿ ತೋಟದ ಮನೆಯಲ್ಲಿ ಕೇಳಿದರೆ ತೀರ್ಪು ತಲೆಕೆಳಗಾಗುತ್ತದೆ. ‘ಜುಲೈನಲ್ಲಿ ಕೇಳಿದೆ’ ಎಂಬುದು ನಮ್ಮ ಜಿಲ್ಲೆಯಲ್ಲಿ ಅಭಿಪ್ರಾಯದ ಜೊತೆ ಹೇಳಲೇಬೇಕಾದ ಮಾಹಿತಿ ಎಂದು ನಾನು ವಾದಿಸುತ್ತೇನೆ.

ಮನೆಯವರು ಮಲಗಿದ ಮೇಲೆ ಮೆಲ್ಲಗೆ ಹಾಕಿಕೊಂಡು ಕೇಳುವವರ ಕಷ್ಟ ಇನ್ನೊಂದು. 1933ರಲ್ಲಿ ಫ್ಲೆಚರ್ ಮತ್ತು ಮನ್‌ಸನ್ ಎಂಬ ಸಂಶೋಧಕರು ಮಾನವನ ಕಿವಿಯ ಸ್ವಭಾವವನ್ನು ಅಳೆದು ತೋರಿಸಿದರು: ಸದ್ದು ತಗ್ಗಿದಂತೆ ಎಲ್ಲ ಸ್ಥಾಯಿಗಳೂ ಒಂದೇ ಪ್ರಮಾಣದಲ್ಲಿ ತಗ್ಗಿದಂತೆ ಕೇಳಿಸುವುದಿಲ್ಲ, ಕೆಳಸ್ಥಾಯಿ ಹೆಚ್ಚು ಬೇಗ ಮರೆಯಾಗುತ್ತದೆ. ಹಗಲು ತುಂಬಿಕೊಂಡಿದ್ದ ಆಲ್ಬಮ್ ರಾತ್ರಿ ತೆಳುವಾಗುವುದು ಇದರಿಂದ.

ತೇವದ ವಿಷಯವನ್ನೂ ಹೇಳಬೇಕು. ಫೆಬ್ರವರಿಯ ಒಣಹವೆಯಲ್ಲಿ ಎಲ್‌ಪಿಯ ಮೈಮೇಲೆ ಸ್ಥಿರ ವಿದ್ಯುತ್ ಕೂಡಿಕೊಂಡು ಧೂಳನ್ನು ಎಳೆಯುತ್ತದೆ, ಚಟಪಟ ಸದ್ದು ಬರುತ್ತದೆ. ಮಳೆಗಾಲದಲ್ಲಿ ಆ ಕಾಟ ತಗ್ಗುತ್ತದೆ, ಬದಲಿಗೆ ಬೂಷ್ಟು ಬರುತ್ತದೆ. ಹೊದಿಕೆಯ ಕಾಗದದಲ್ಲಿ ಶುರುವಾಗಿ ಗೆರೆಗಳೊಳಗೆ ಇಳಿದ ಬೂಷ್ಟು ಮುಳ್ಳಿಗೆ ಸಿಕ್ಕಾಗ ಕೇಳಿಸುವ ಗೊರಗೊರ ಸದ್ದನ್ನು ‘ಕೆಟ್ಟ ಮುದ್ರಣ’ ಎಂದು ಬರೆದುಬಿಡುವುದು ಸುಲಭ. ಡಿಸ್ಟಿಲ್ಡ್ ನೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿ, ನಡುವಿನ ಲೇಬಲ್ ನೆನೆಯದಂತೆ ಗೆರೆಗಳ ದಿಕ್ಕಿನಲ್ಲೇ ಮೆತ್ತಗೆ ಒರೆಸಿ, ಬರಿಯ ನೀರಿನಲ್ಲಿ ಇನ್ನೊಮ್ಮೆ ಒರೆಸಿ, ನೆರಳಿನಲ್ಲಿ ನಿಲ್ಲಿಸಿ ಒಣಗಿಸಿದ ಮೇಲೆ ಮುದ್ರಣದ ಬಗ್ಗೆ ಮಾತನಾಡಬಹುದು. ಕರೆಂಟು ಹೋದಾಗ ಇನ್ವರ್ಟರ್ ಮೇಲೆ ಕೇಳುವವರು ಅದನ್ನೂ ತಿಳಿಸಬೇಕು. ಅಗ್ಗದ ಇನ್ವರ್ಟರ್‌ಗಳು ಕೊಡುವ ವಿದ್ಯುತ್ತಿನ ಅಲೆ ನಯವಾಗಿರುವುದಿಲ್ಲ. ಆಂಪ್ಲಿಫೈಯರ್‌ನಲ್ಲಿ ಅದು ಗುಂಯ್ ಎಂಬ ಸದ್ದಾಗಿ ಸೇರಿಕೊಳ್ಳುತ್ತದೆ. ಹಿನ್ನೆಲೆಯಲ್ಲಿ ಗುಂಯ್‌ಗುಡುವಿಕೆ ಇದೆ ಎಂದು ದೂರಿದ ಎಷ್ಟೋ ಸಿ.ಡಿ.ಗಳು ಕರೆಂಟು ಬಂದ ಮೇಲೆ ಶುದ್ಧವಾಗಿ ಹಾಡಿವೆ.

ಕೊಂಡವರ ಮನಸ್ಸು, ಕೂಟದ ಒತ್ತಡ

ಹಣ ಕೊಟ್ಟು ಕೊಂಡ ವಸ್ತುವಿನ ಬಗ್ಗೆ ಮನಸ್ಸು ತಟಸ್ಥವಾಗಿರುವುದಿಲ್ಲ. 1956ರಲ್ಲಿ ಜ್ಯಾಕ್ ಬ್ರೆಮ್ ಎಂಬ ಮನಶ್ಶಾಸ್ತ್ರಜ್ಞ ಒಂದು ಪ್ರಯೋಗ ನಡೆಸಿದರು. ಮನೆಬಳಕೆಯ ಹಲವು ಉಪಕರಣಗಳಿಗೆ ಅಂಕ ಕೊಡುವಂತೆ ಮಹಿಳೆಯರನ್ನು ಕೇಳಿ, ಆಮೇಲೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲು ಬಿಟ್ಟು, ಮತ್ತೆ ಅಂಕ ಕೊಡಿಸಿದರು. ಆರಿಸಿಕೊಂಡ ವಸ್ತುವಿನ ಅಂಕ ಏರಿತ್ತು, ಬಿಟ್ಟದ್ದರ ಅಂಕ ಇಳಿದಿತ್ತು. ವಸ್ತು ಬದಲಾಗಿರಲಿಲ್ಲ. ಹೊಸ ಆಲ್ಬಮ್‌ನ ಮೊದಲ ವಾರದ ಹೊಗಳಿಕೆಯಲ್ಲಿ ಇಂತಹ ಒಂದು ಪಾಲು ಇರುತ್ತದೆ ಎಂದು ತಿಳಿದಿರುವುದು ಕ್ಷೇಮ. ಎರವಲು ಪಡೆದು ಕೇಳಿದವರ ಮಾತನ್ನೂ ಕೊಂಡವರ ಮಾತನ್ನೂ ಜೊತೆಗಿಟ್ಟು ನೋಡುವುದು ಈ ಕಾರಣಕ್ಕೆ.

ಎಷ್ಟು ಸಲ ಕೇಳಿದ್ದು ಎಂಬುದು ಇನ್ನೂ ಮುಖ್ಯ. ಪರಿಚಯ ಬೆಳೆದಂತೆ ಇಷ್ಟವೂ ಬೆಳೆಯುತ್ತದೆ ಎಂದು ಮನಶ್ಶಾಸ್ತ್ರಜ್ಞ ರಾಬರ್ಟ್ ಝಾಯನ್ಸ್ 1968ರಲ್ಲಿ ತೋರಿಸಿದರು. ಸಂಗೀತದಲ್ಲಿ ಅದಕ್ಕೊಂದು ಶಿಖರವಿದೆ: ಕೇಳುತ್ತಾ ಕೇಳುತ್ತಾ ಇಷ್ಟ ಏರಿ, ಒಂದು ಹಂತ ದಾಟಿದ ಮೇಲೆ ಇಳಿಯತೊಡಗುತ್ತದೆ. ಸರಳವಾದ ಹಾಡು ಬೇಗ ಏರಿ ಬೇಗ ಇಳಿಯುತ್ತದೆ. ಹೆಣಿಗೆ ಜಟಿಲವಾದದ್ದು ಮೊದಲ ಸಲ ಏನೂ ಬಿಟ್ಟುಕೊಡದೆ, ಐದಾರು ಸಲ ಕೇಳಿದ ಮೇಲೆ ಒಂದೊಂದಾಗಿ ತೆರೆದುಕೊಳ್ಳುತ್ತದೆ. ಒಂದೇ ಸಲ ಕೇಳಿದವರು ಭಾವಗೀತೆಯ ಆಲ್ಬಮ್ ಅನ್ನು ಹೊಗಳಿ, ಕರ್ನಾಟಕ ಸಂಗೀತದ ಜಟಿಲ ಪ್ರಕಾರವಾದ ರಾಗಂ ತಾನಂ ಪಲ್ಲವಿಯ ಆಲ್ಬಮ್ ಅನ್ನು ಬದಿಗೆ ಸರಿಸಿದರೆ ಅದು ಎರಡರ ಯೋಗ್ಯತೆಯ ತೂಕವಾಗುವುದಿಲ್ಲ.

ಇನ್ನು ಕೂಟದಲ್ಲಿ ಕೂತು ಮಾತನಾಡುವಾಗ ಆಗುವ ಪರಿಣಾಮ. ಇದರ ಬಗ್ಗೆ ನಾನು ಓದಿದವುಗಳಲ್ಲಿ ಅತ್ಯಂತ ಕಣ್ಣು ತೆರೆಸಿದ್ದು 2006ರಲ್ಲಿ ಪ್ರಕಟವಾದ ಸಾಲ್ಗಾನಿಕ್, ಡಾಡ್ಸ್ ಮತ್ತು ವಾಟ್ಸ್ ಎಂಬ ಸಂಶೋಧಕರ ಪ್ರಯೋಗ. ಹೆಸರೇ ಕೇಳಿರದ ತಂಡಗಳ 48 ಹಾಡುಗಳನ್ನು 14,341 ಮಂದಿಯ ಮುಂದಿಟ್ಟರು. ಬೇಕಾದದ್ದನ್ನು ಕೇಳಿ, ಅಂಕ ಕೊಟ್ಟು, ಇಷ್ಟವಾದರೆ ಇಳಿಸಿಕೊಳ್ಳಬಹುದು (ಡೌನ್‌ಲೋಡ್). ಒಂದು ಗುಂಪಿಗೆ ಉಳಿದವರು ಏನು ಇಳಿಸಿಕೊಂಡರು ಎಂಬುದು ಕಾಣುತ್ತಿರಲಿಲ್ಲ. ಬೇರೆ ಎಂಟು ಗುಂಪುಗಳಿಗೆ ತಂತಮ್ಮ ಗುಂಪಿನವರ ಲೆಕ್ಕ ಮಾತ್ರ ಕಾಣುತ್ತಿತ್ತು. ಎಂಟೂ ಗುಂಪುಗಳು ಒಂದೇ ಬಗೆಯ ಜನರಿಂದ, ಒಂದೇ ಸೊನ್ನೆಯಿಂದ ಆರಂಭಿಸಿದವು. ಆದರೂ ಒಂದೊಂದು ಗುಂಪಿನಲ್ಲಿ ಗೆದ್ದ ಹಾಡುಗಳು ಬೇರೆಬೇರೆಯಾದವು. ಸ್ವತಂತ್ರವಾಗಿ ಕೇಳಿದ ಗುಂಪಿನಲ್ಲಿ 26ನೆಯ ಸ್ಥಾನದಲ್ಲಿದ್ದ ಒಂದು ಹಾಡು ಒಂದು ಗುಂಪಿನಲ್ಲಿ ಮೊದಲನೆಯದಾಯಿತು, ಇನ್ನೊಂದರಲ್ಲಿ 40ನೆಯದಾಯಿತು. ತೀರಾ ಒಳ್ಳೆಯ ಹಾಡು ಪೂರ್ತಿ ಸೋತದ್ದು, ತೀರಾ ಕೆಟ್ಟದ್ದು ಗೆದ್ದದ್ದು ಅಪರೂಪ; ನಡುವಿನವುಗಳ ಭವಿಷ್ಯವನ್ನು ಮಾತ್ರ ಯಾರೂ ಮೊದಲೇ ಹೇಳುವಂತಿರಲಿಲ್ಲ. ಮೊದಮೊದಲು ಬಂದ ಕೆಲವರ ಒಲವು ಉಳಿದವರ ಕಿವಿಯನ್ನು ತಿರುಗಿಸಿತ್ತು.

ಅಪರಿಚಿತರ ಬರಿಯ ಅಂಕಿಗಳು ಇಷ್ಟು ಮಾಡಬಲ್ಲವಾದರೆ, ಎದುರಿಗೆ ಕೂತ ಗೌರವಾನ್ವಿತ ಹಿರಿಯರೊಬ್ಬರು ಮೊದಲ ಹಾಡು ಮುಗಿಯುವ ಮೊದಲೇ ತಲೆಯಾಡಿಸಿಬಿಟ್ಟರೆ ಉಳಿದವರ ಗತಿ ಏನಾಗಬೇಡ? ಕಾಲೇಜಿಗೆ ಹೋಗುವ ಹುಡುಗಿ ತನಗೆ ಅನ್ನಿಸಿದ್ದನ್ನು ನುಂಗಿಕೊಳ್ಳುತ್ತಾಳೆ. ನುಂಗಿಕೊಂಡದ್ದು ಅವಳಿಗೇ ಗೊತ್ತಾಗದೆ, ಹಿರಿಯರ ಅಭಿಪ್ರಾಯವೇ ತನ್ನದೆಂದು ಪ್ರಾಮಾಣಿಕವಾಗಿ ನಂಬುವ ಸಂಭವವೂ ಇದೆ. ಕೂಟಕ್ಕೆ ಅದರಿಂದ ಒಂದು ಜೊತೆ ಕಿವಿ ನಷ್ಟ.

ಇದಕ್ಕೆ ಪರಿಹಾರ ನಮ್ಮ ಕಾಫಿಯವರಲ್ಲೇ ಇದೆ. ಕಾಫಿಯ ಗುಣವನ್ನು ರುಚಿ ನೋಡಿ ಅಳೆಯುವ ಕಪ್ ಟೇಸ್ಟಿಂಗ್ ನೋಡಿದವರಿಗೆ ಗೊತ್ತು. 150 ಮಿಲಿಲೀಟರ್ ನೀರಿಗೆ 8.25 ಗ್ರಾಂ ಪುಡಿಯಂತೆ ಬಟ್ಟಲುಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಯಾವುದು ಯಾವ ತೋಟದ್ದು ಎಂಬ ಹೆಸರಿರುವುದಿಲ್ಲ, ಗುರುತಿನ ಸಂಖ್ಯೆ ಮಾತ್ರ. ಸುಮಾರು 93 ಡಿಗ್ರಿ ಬಿಸಿಯ ನೀರು ಹೊಯ್ದು, ನಾಲ್ಕು ನಿಮಿಷ ಕಾದು, ಮೇಲೆ ತೇಲಿ ನಿಂತ ಪುಡಿಯ ಪದರವನ್ನು ಚಮಚದಿಂದ ಒಡೆದು, ಮೂಗು ಬಟ್ಟಲಿನವರೆಗೆ ಬಗ್ಗಿಸಿ ಘಮ ನೋಡುತ್ತಾರೆ. ಆಮೇಲೆ ಸುರ್‍ರೆಂದು ಹೀರಿ, ಬಾಯೆಲ್ಲ ಆಡಿಸಿ, ಉಗುಳುತ್ತಾರೆ. ಬಿಸಿ ಇದ್ದಾಗ ಒಮ್ಮೆ, ಉಗುರುಬೆಚ್ಚಗಾದಾಗ ಒಮ್ಮೆ, ತಣ್ಣಗಾದ ಮೇಲೆ ಇನ್ನೊಮ್ಮೆ. ಪ್ರತಿಯೊಬ್ಬರೂ ತಮ್ಮ ತಮ್ಮ ಹಾಳೆಯಲ್ಲಿ ಬರೆದು ಮುಗಿಸುವವರೆಗೆ ಯಾರೂ ಬಾಯಿ ಬಿಡುವುದಿಲ್ಲ, ಹುಬ್ಬು ಕೂಡ ಹಾರಿಸಬಾರದು. ಬರೆದಾದ ಮೇಲೆ ಚರ್ಚೆ.

ಆಲ್ಬಮ್ ಕೇಳುವ ಕೂಟಕ್ಕೂ ಇಷ್ಟು ಸಾಕು. ಕೇಳುವಾಗ ಮೌನ, ಕೇಳಿದ ಮೇಲೆ ಪ್ರತಿಯೊಬ್ಬರೂ ಒಂದು ಚೀಟಿಯಲ್ಲಿ ನಾಲ್ಕು ಸಾಲು, ಆಮೇಲೆ ಮಾತು. ಓದುವಾಗ ಕಿರಿಯರಿಂದ ಶುರುಮಾಡಿದರೆ ಇನ್ನೂ ಒಳ್ಳೆಯದು. ಸಾಧ್ಯವಾದರೆ ಹೊದಿಕೆ ತೋರಿಸದೆ ಹಾಕುವುದು. ಪ್ರಸಿದ್ಧ ಹೆಸರು ಕಂಡ ಕೂಡಲೇ ಕಿವಿ ಅರ್ಧ ಒಪ್ಪಿಕೊಂಡಿರುತ್ತದೆ.

ಹೇಳುವ ಬಗೆ

ಚೀಟಿಯಲ್ಲಿ ಏನು ಬರೆಯಬೇಕು? ಮೊದಲು ಕೇಳಿಸಿದ್ದು, ಆಮೇಲೆ ಅನ್ನಿಸಿದ್ದು. ‘ಪಿಟೀಲು ಗಾಯಕರಿಗಿಂತ ಮುಂದೆ ಕೂತಿದೆ, ಎರಡನೆಯ ಕೃತಿಯ ಚರಣದಲ್ಲಿ ಸಾಹಿತ್ಯ ಕೇಳಿಸುವುದಿಲ್ಲ’ ಎಂಬುದು ಕೇಳಿಸಿದ್ದು. ಯಾರು ಬೇಕಾದರೂ ತಟ್ಟೆ ಹಾಕಿ ಪರೀಕ್ಷಿಸಬಹುದು. ‘ಅದು ನನಗೆ ಹಿಡಿಸಲಿಲ್ಲ’ ಎಂಬುದು ಅನ್ನಿಸಿದ್ದು. ಮೊದಲ ಭಾಗ ಸರಿಯಾಗಿದ್ದರೆ, ಎರಡನೆಯದನ್ನು ಒಪ್ಪದವರಿಗೂ ಅಭಿಪ್ರಾಯ ಉಪಯೋಗಕ್ಕೆ ಬರುತ್ತದೆ. ಪಿಟೀಲು ಕಲಿಯುತ್ತಿರುವ ಒಬ್ಬಳು ಇಂತಹದೇ ಟೀಕೆ ಕೇಳಿ, ‘ಅಣ್ಣ, ಹಾಗಾದರೆ ಅದು ನನಗೆ ಬೇಕು, ಒಂದು ವಾರ ಕೊಡಿ’ ಎಂದಳು. ಹೇಳಿದವರು ಅದನ್ನು ದೋಷವೆಂದು ಬಗೆದಿದ್ದರು. ಅವಳಿಗೆ ಬೇಕಾದದ್ದು ಅದೇ ಆಗಿತ್ತು. ಬರಿದೆ ‘ಸಾಧಾರಣ’ ಎಂದು ಹೇಳಿದ್ದರೆ ಆ ಆಲ್ಬಮ್ ಅವಳ ಕೈ ಸೇರುತ್ತಿರಲಿಲ್ಲ.

ಭಾವಗೀತೆಯ ಆಲ್ಬಮ್ಮುಗಳಲ್ಲಿ ಯಾರ ಕೆಲಸವನ್ನು ಮೆಚ್ಚುತ್ತಿದ್ದೇವೆ ಎಂದು ಬಿಡಿಸಿ ಹೇಳುವುದು ಇನ್ನಷ್ಟು ಅಗತ್ಯ. 1978ರಲ್ಲಿ ಬಂದ ‘ನಿತ್ಯೋತ್ಸವ’ ಧ್ವನಿಸುರುಳಿಯಲ್ಲಿ ಕವಿತೆ ಕೆ.ಎಸ್. ನಿಸಾರ್ ಅಹಮದ್ ಅವರದು, ರಾಗ ಸಂಯೋಜನೆ ಮೈಸೂರು ಅನಂತಸ್ವಾಮಿಯವರದು. ಆಗಿನಿಂದ ಇಂದಿನವರೆಗೆ ಈ ಪ್ರಕಾರದ ಆಲ್ಬಮ್ ಎಂದರೆ ಕವಿ, ಸಂಯೋಜಕ, ಗಾಯಕ, ವಾದ್ಯ ಸಂಯೋಜನೆ ಮಾಡಿದವರು ಎಲ್ಲರೂ ಸೇರಿದ ಕೆಲಸ. ಶಾಲೆಯಲ್ಲೇ ಬಾಯಿಪಾಠವಾದ ಕವಿತೆಯ ಮೇಲಿನ ಪ್ರೀತಿ ಎಷ್ಟೋ ಸಲ ಸೊರಗಿದ ಸಂಯೋಜನೆಯನ್ನು ಕಾಪಾಡುತ್ತದೆ. ಒಳ್ಳೆಯ ರಾಗ ಸಂಯೋಜನೆಯನ್ನು ಅತಿಯಾದ ಕೀಬೋರ್ಡ್ ಮುಳುಗಿಸುತ್ತದೆ. ‘ಹಾಡು ಚೆನ್ನಾಗಿದೆ’ ಎಂದಾಗ ಮೆಚ್ಚುಗೆ ಯಾರಿಗೆ ಸಂದಿತು ಎಂದು ತಿಳಿಯಬೇಕಾದರೆ, ವಾದ್ಯಗಳಿಲ್ಲದೆ ಆ ಪಲ್ಲವಿಯನ್ನು ಗುನುಗಿ ನೋಡಬೇಕು; ಆಮೇಲೆ ರಾಗವಿಲ್ಲದೆ ಸಾಲುಗಳನ್ನು ಓದಿ ನೋಡಬೇಕು. ಸರಳ ಪರೀಕ್ಷೆ, ತಪ್ಪುವುದು ಅಪರೂಪ.

ಹೋಲಿಕೆ ಕೊಡುವಾಗ ಕೇಳುವವರಿಗೆ ಗೊತ್ತಿರುವುದನ್ನೇ ಆರಿಸಿಕೊಳ್ಳಿ. ಮನಸ್ಸು ಬದಲಾದರೆ ಅದನ್ನೂ ತಿಳಿಸಿ. ಆರು ತಿಂಗಳ ನಂತರ ಬಂದ ಎರಡನೆಯ ಅಭಿಪ್ರಾಯಕ್ಕೆ ನಾನು ಮೊದಲನೆಯದಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ.

ಕೆಲವು ಸಂಗೀತಕ್ಕೆ ಇಷ್ಟೂ ಸಾಲದು, ಬಲ್ಲವರು ಜೊತೆಗೆ ಬೇಕು. ದುಡಿ ಎಂಬ ಪುಟ್ಟ ಚರ್ಮವಾದ್ಯ ಬಡಿಯುತ್ತಾ ಹಾಡುವ ಕೊಡವ ಜನಪದ ಹಾಡು ಬಾಳೋಪಾಟಿನ ಒಂದು ಆಲ್ಬಮ್ ನಮ್ಮಲ್ಲಿ ಕೈಬದಲಾಯಿಸಿದಾಗ, ಕೊಡವ ಭಾಷೆ ಬಾರದ ಕುಶಾಲನಗರದ ಗೆಳೆಯರೊಬ್ಬರು ‘ಎಲ್ಲ ಹಾಡಿಗೂ ಒಂದೇ ಧಾಟಿ, ಒಂದೇ ದುಡಿಯ ಬಡಿತ’ ಎಂದು ಬರೆದು ಹಿಂದಿರುಗಿಸಿದರು. ಕೇಳಿಸಿದ್ದನ್ನು ಅವರು ಸರಿಯಾಗಿಯೇ ಬರೆದಿದ್ದರು. ನಾಪೋಕ್ಲು ಕಡೆಯ ಹಿರಿಯರೊಬ್ಬರು ಅದೇ ಚೀಟಿಯ ಹಿಂಬದಿಯಲ್ಲಿ ವಿವರ ಸೇರಿಸಿದರು. ನಾಲ್ವರು ದುಡಿ ಹಿಡಿದು ಹಾಡುವಾಗ ಇಬ್ಬರು ಹೇಳಿದ್ದನ್ನು ಇನ್ನಿಬ್ಬರು ಎತ್ತಿಕೊಳ್ಳುತ್ತಾರೆ. ಧಾಟಿ ಬದಲಾಗುವುದು ಕಡಿಮೆ, ಕಥೆ ಮುಂದೆ ಸಾಗುವುದು ಮಾತಿನಲ್ಲಿ. ಇಂತಹ ಹಾಡುಗಳನ್ನು ನಡಿಕೇರಿಯಂಡ ಚಿಣ್ಣಪ್ಪ ಅವರು ಸಂಗ್ರಹಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ಯಲ್ಲಿ ಅಚ್ಚು ಮಾಡಿಸಿದ್ದಾರೆ, ಪುಸ್ತಕ ಮುಂದಿಟ್ಟುಕೊಂಡು ಕೇಳಿ ಎಂದು. ಯಾವ ಹಾಡು ಮದುವೆಯದು, ಯಾವುದು ಸುಗ್ಗಿ ಹಬ್ಬವಾದ ಪುತ್ತರಿಯದು ಎಂದೂ ಗುರುತು ಹಾಕಿಕೊಟ್ಟರು. ಆಲ್ಬಮ್‌ನ ಹೊದಿಕೆಯಲ್ಲಿ ಇದ್ಯಾವುದೂ ಅಚ್ಚಾಗಿರಲಿಲ್ಲ.

ಆ ಚೀಟಿಯೊಂದಿಗೆ ಆಲ್ಬಮ್ ಮತ್ತೆ ಕುಶಾಲನಗರಕ್ಕೆ ಹೋಯಿತು. ಎರಡನೆಯ ಜೋಡಿ ಸಾಲನ್ನು ಎತ್ತಿಕೊಳ್ಳುವ ಜಾಗದಲ್ಲಿ ದುಡಿಯ ಪೆಟ್ಟು ಕೊಂಚ ಬಿಗಿಯಾಗುತ್ತದೆ ಎಂದು ಆ ಗೆಳೆಯರು ಈ ಸಲ ಬರೆದರು. ನಮ್ಮಲ್ಲಿ ಅದನ್ನು ಅದುವರೆಗೆ ಯಾರೂ ಗಮನಿಸಿರಲಿಲ್ಲ. ನಾಲ್ಕನೆಯ ಹಾಡು ಉದ್ದವಾಯಿತು ಎಂಬ ದೂರನ್ನು ಮಾತ್ರ ಅವರು ಹಿಂತೆಗೆದುಕೊಳ್ಳಲಿಲ್ಲ. ಹಿರಿಯರೂ ಅದನ್ನು ಒಪ್ಪಿದರು: ಮದುವೆಮನೆಯಲ್ಲಿ ಅಷ್ಟು ಉದ್ದ ಬೇಕು, ಮನೆಯಲ್ಲಿ ಕೂತು ಕೇಳುವವರಿಗೆಂದು ಧ್ವನಿಮುದ್ರಣ ಮಾಡುವಾಗ ಅರ್ಧಕ್ಕೆ ಇಳಿಸಬಹುದಿತ್ತು ಎಂದರು.